ಮಗಳಿಗೆ ಆ ನಾಲ್ವರ ಹೆಸರು ಹೇಳಿ

ಪ್ರಶ್ನೆ: ಟೀಚರ್, ನನ್ನ ಮಗಳು ಏಳನೆಯ ಕ್ಲಾಸು. ಅಫ್ಘಾನಿಸ್ತಾನದಲ್ಲಿ ತನ್ನ ಪ್ರಾಯದವರಿಗೆ ಶಾಲೆಯಿಲ್ಲ ಎಂದು ಪೇಪರಿನಲ್ಲಿ ಓದಿ, "ಅಲ್ಲಿ ಯಾವಾಗಲೂ ಹೀಗೇನಾ ಅಮ್ಮಾ?" ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಸರಿಯಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸರಿಯಲ್ಲ. ಇವತ್ತು ಸಂಜೆಯೇ ಅವಳನ್ನು ಹತ್ತಿರ ಕೂರಿಸಿಕೊಂಡು ತಿದ್ದಿ ಹೇಳಿ.

ಕಾಬೂಲಿನಲ್ಲಿ 1921ರಲ್ಲೇ ಹುಡುಗಿಯರ ಶಾಲೆ ಶುರುವಾಗಿತ್ತು. ದೊರೆ ಅಮಾನುಲ್ಲಾ, ರಾಣಿ ಸೊರಾಯಾ ಅದಕ್ಕೆ ಬೆನ್ನಾಗಿ ನಿಂತಿದ್ದರು. ದಂಗೆಯೆದ್ದು 1929ರಲ್ಲಿ ದೊರೆ ಪಟ್ಟ ಬಿಟ್ಟ ಮೇಲೆ ಹುಡುಗಿಯರ ಶಾಲೆಗಳಿಗೂ ಬೀಗ ಬಿತ್ತು. ಆಮೇಲೆ ಮತ್ತೆ ತೆರೆದವು.

ನನ್ನ ಅಜ್ಜಿ ಕುಂಬಳೆಯಲ್ಲಿ ಮೊದಲ ಓಟು ಹಾಕಿದ್ದು 1952ರಲ್ಲಿ. ಆಗ ನಾವು ಮದರಾಸು ರಾಜ್ಯದವರು. ಅಜ್ಜಿಗೆ ಓದು ಬರದು. ಚಿಹ್ನೆ ಅಂಟಿಸಿದ ಪೆಟ್ಟಿಗೆಗಳಲ್ಲಿ ತನಗೆ ಬೇಕಾದ್ದನ್ನು ಹುಡುಕಿ ಚೀಟಿ ಹಾಕಿದ್ದನ್ನು ಕೊನೆಯವರೆಗೂ ಹೇಳುತ್ತಿದ್ದರು. ಅಫ್ಘಾನ್ ಹೆಂಗಸರಿಗೂ 1964ರ ಸಂವಿಧಾನದಿಂದ ಓಟು ಬಂತು. ಆ ಸಂವಿಧಾನದ ಸಮಿತಿಯಲ್ಲೇ ಇಬ್ಬರು ಹೆಂಗಸರಿದ್ದರು: ಕುಬ್ರಾ ನೂರ್ಜಾಯಿ, ಮಾಸೂಮಾ ಇಸ್ಮತಿ. ಕುಬ್ರಾ ಮುಂದೆ ಆರೋಗ್ಯ ಮಂತ್ರಿಯಾದರು. 1965ರ ಚುನಾವಣೆಯಲ್ಲಿ ನಾಲ್ವರು ಹೆಂಗಸರು ಗೆದ್ದರು. ಅನಾಹಿತಾ ರತೇಬ್‌ಜಾದ್, ಖದೀಜಾ ಅಹ್ರಾರಿ, ರುಖಿಯಾ ಅಬೂಬಕ್ರ್, ಮತ್ತು ಅದೇ ಮಾಸೂಮಾ. ಈ ಹೆಸರುಗಳನ್ನು ನಿಮ್ಮ ಮಗಳು ಒಮ್ಮೆ ಬಾಯಿಬಿಟ್ಟು ಹೇಳಲಿ. ಹಳ್ಳಿಗಳಿಗೆ ಇದೆಲ್ಲ ಸರಿಯಾಗಿ ಮುಟ್ಟಲಿಲ್ಲ, ನಿಜ. ಆದರೆ ಇದ್ದದ್ದನ್ನು ಇರಲೇ ಇಲ್ಲ ಎಂದರೆ ಅವರಿಗೆ ಇನ್ನೊಂದು ಅನ್ಯಾಯ ಮಾಡಿದ ಹಾಗೆ, ಅಲ್ವಾ?

ಯುದ್ಧಗಳು ಬಂದವು, 1996ರಲ್ಲಿ ತಾಲಿಬಾನ್ ಬಂತು. ಅದು ಹೋದ ಮೇಲೆ, 2004ರ ಸಂವಿಧಾನದಲ್ಲಿ ಹೆಂಗಸರಿಗೆ ಸೀಟು ಮೀಸಲಾಯಿತು. ಕೆಳಮನೆಯ 249 ಸೀಟುಗಳಲ್ಲಿ 68. ಮೀಸಲು ಸೀಟಿನ ಬೆಲೆ ನಮಗೆ ಗೊತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಂಚಾಯತು ಮೆಂಬರಾದದ್ದು ಹಾಗೆಯೇ. ಈಗ ಅವಳ ವಾರ್ಡಿನ ಗಂಡಸರೂ ನೀರಿನ ಪೈಪಿಗೆ ಅವಳನ್ನೇ ಹುಡುಕಿಕೊಂಡು ಬರುತ್ತಾರೆ.

2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿತು. ಆರನೆಯ ಕ್ಲಾಸಿನ ಮೇಲೆ ಹುಡುಗಿಯರಿಗೆ ಶಾಲೆ ನಿಂತಿತು. ನಮ್ಮ ಲೆಕ್ಕದಲ್ಲಿ ಏಳನೆಯ ಕ್ಲಾಸಿನವರೆಗಿನ ಯು.ಪಿ. ಶಾಲೆ ಮುಗಿಸಲಿಕ್ಕೂ ಇಲ್ಲ. 2022ರ ಮಾರ್ಚ್ 23ರಂದು ಶಾಲೆ ತೆರೆಯುತ್ತದೆ ಎಂದು ಆ ಮಕ್ಕಳು ಚೀಲ ಹಾಕಿಕೊಂಡು ಬಂದರು. ಅದೇ ದಿನ ಅವರನ್ನು ವಾಪಸ್ ಕಳಿಸಿದರು. ಮೂವತ್ತು ಜೂನ್ ತಿಂಗಳು ನಾನು ಕ್ಲಾಸಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ಒಳಗೆ ಕರೆದವಳು. ವಾಪಸ್ ಹೋದ ಆ ಮಕ್ಕಳ ಫೋಟೊ ನೋಡಿದ ದಿನ ನನಗೆ ಅನ್ನ ಸೇರಲಿಲ್ಲ.

ಮಗಳು ಇನ್ನೂ ಏನಾದರೂ ಕೇಳಿದರೆ ಬರೆದು ಕಳಿಸಿ. ಅವಳ ಕೈಬರಹದಲ್ಲೇ ಇರಲಿ.