ಮದುವೆ ಆಗದೆ ಇಂಗ್ಲೆಂಡಿನಲ್ಲಿ ಜೊತೆಗಿರುವವರಿಗೆ ಬೇಕಾದ ಕಾಗದಗಳು

ಅಕ್ಕಾ ಎಂದು ಕರೆದು ಕೇಳಿದ್ದೀಯ: ಮದುವೆ ಆಗದೆ ಮೂರು ವರ್ಷದಿಂದ ಜೊತೆಗಿದ್ದೀವಿ, ಈಗ ಮ್ಯಾಂಚೆಸ್ಟರಿಗೆ ಬಂದಿದ್ದೀವಿ, ಇಲ್ಲಿ ಎರಡು ವರ್ಷ ಕಳೆದರೆ ಗಂಡ-ಹೆಂಡತಿ ಲೆಕ್ಕವೇ ಅಂತಾರಲ್ಲ, ನಿಜವಾ ಎಂದು.

ನಿಜ ಅಲ್ಲ, ತಂಗಿ. ವೀಸಾಕ್ಕೆ ಆ ಎರಡು ವರ್ಷ ಕೆಲಸಕ್ಕೆ ಬರುತ್ತದೆ. ಕಾಯಿಲೆಗೆ, ಸಾವಿಗೆ ಬರುವುದಿಲ್ಲ. ವಿಲ್ ಇಲ್ಲದೆ ಒಬ್ಬರು ಹೋದರೆ ಆಸ್ತಿ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಅಪ್ಪ-ಅಮ್ಮನಿಗೆ. ಜೊತೆಗಿದ್ದವರಿಗೆ ತಾನಾಗಿ ಏನೂ ಬರುವುದಿಲ್ಲ. ಎರಡು ವರ್ಷ ಒಂದೇ ಮನೆಯಲ್ಲಿ ಬಾಳಿದ್ದರೆ 1975ರ ಉತ್ತರಾಧಿಕಾರ ಕಾಯ್ದೆಯಡಿ ಕೋರ್ಟಿಗೆ ಹೋಗಿ ಪಾಲು ಕೇಳಬಹುದು, ಅಷ್ಟೇ. ಮಗನನ್ನು ಕಳೆದುಕೊಂಡ ತಾಯಿಯ ಎದುರು ನಿಂತು ಕೇಳಬೇಕು. ಆಗುತ್ತದಾ ನಿನ್ನಿಂದ?

ನನಗೆ ಇದೆಲ್ಲ ಗೊತ್ತಾಗಿದ್ದು ನನ್ನವನಿಗೆ ಸ್ಟ್ರೋಕ್ ಆದಾಗ. ಅವನ ಕನ್ನಡಕ, ಮೊಬೈಲು, ಬೆಲ್ಟು ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಕೈಗೆ ಕೊಟ್ಟರು. ನಿರ್ಧಾರ ಕೇಳಲು ಮಾತ್ರ ದಾವಣಗೆರೆಯಲ್ಲಿದ್ದ ಅವನ ಅಣ್ಣನಿಗೆ ಫೋನ್ ಮಾಡಿದರು. ಬಾಡಿಗೆ ಹೋಗುತ್ತಿದ್ದುದು ಅವನ ಖಾತೆಯಿಂದ. ಬ್ಯಾಂಕಿನವರು ನನ್ನ ಜೊತೆ ಮಾತೇ ಆಡಲಿಲ್ಲ. ಸ್ವಂತವಾಗಿ ನಿರ್ಧರಿಸಲಾಗದವರ ವಿಷಯ ನೋಡುವ ಕೋರ್ಟ್ ಆಫ್ ಪ್ರೊಟೆಕ್ಷನ್‌ನಿಂದ ಅಪ್ಪಣೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದವು.

ಅದಕ್ಕೇ ಮೊದಲು ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಮಾಡಿಸಿ. ಅಂದರೆ, ನನ್ನಿಂದ ನಿರ್ಧರಿಸಲು ಆಗದಿದ್ದಾಗ ನನ್ನ ಪರವಾಗಿ ಇವರು ನಿರ್ಧರಿಸಲಿ ಎಂದು ಬರೆದುಕೊಡುವ ಕಾಗದ. ಇದರಲ್ಲಿ ಎರಡು ಬಗೆ: ಒಂದು ಆರೋಗ್ಯಕ್ಕೆ, ಒಂದು ಹಣಕಾಸಿಗೆ. ಇಬ್ಬರೂ ಎರಡೆರಡು ಮಾಡಬೇಕು. ಆಫೀಸ್ ಆಫ್ ದಿ ಪಬ್ಲಿಕ್ ಗಾರ್ಡಿಯನ್‌ನಲ್ಲಿ ನೋಂದಾಯಿಸದೆ ಅದು ಚಲಾವಣೆಗೆ ಬರುವುದಿಲ್ಲ. ಸಹಿ ಹಾಕುವಾಗ ಬುದ್ಧಿ ಸ್ಥಿಮಿತದಲ್ಲಿರಬೇಕು. ಹುಷಾರಾಗಿರುವಾಗಲೇ ಮಾಡಿಸಿ ಅಂತ ಬಡಿದುಕೊಳ್ಳುವುದು ಇದಕ್ಕೇ.

ಆಮೇಲೆ ವಿಲ್. ಇಬ್ಬರು ಸಾಕ್ಷಿ ಒಟ್ಟಿಗೇ ಎದುರಿಗಿರಬೇಕು. ನಿನ್ನ ಹೆಸರಿಗೆ ಬರೆದಿದ್ದರೆ ನೀನು ಸಾಕ್ಷಿ ಹಾಕಬೇಡ, ಹಾಕಿದರೆ ನಿನ್ನ ಪಾಲು ಹೋಗುತ್ತದೆ. ಮುಂದೆ ಮದುವೆ ಆದರೆ ಹಳೆಯ ವಿಲ್ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ಮತ್ತೆ ಬರೆಸಬೇಕು. ಮನೆ ಕೊಂಡರೆ ಇಬ್ಬರ ಹೆಸರೂ ಇರಲಿ. ಕಂಪನಿ ಪೆನ್ಷನ್‌ಗೆ ನಾಮಿನಿ ಫಾರಂ ಬೇರೆ ಇರುತ್ತದೆ, ಅದನ್ನು ಇವತ್ತೇ ತುಂಬಿಬಿಡಿ, ಹತ್ತು ನಿಮಿಷದ ಕೆಲಸ.

ಇನ್ನೊಂದು ಮಾತು. ಅವನಿಗೆ ಮೈಸೂರಿನಲ್ಲಿ ಸೈಟಿದೆ ಎಂದೆಯಲ್ಲ, ಅದಕ್ಕೆ ಭಾರತದ ಕಾನೂನು. ಅಲ್ಲಿಗೆ ಬೇರೆ ವಿಲ್ ಬರೆಸುವುದು ಒಳ್ಳೆಯದು. ಇಲ್ಲಿನ ವಿಲ್‌ನಲ್ಲಿ "ಹಿಂದಿನ ಎಲ್ಲ ವಿಲ್‌ಗಳೂ ರದ್ದು" ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಅದು ಮೈಸೂರಿನ ವಿಲ್ಲನ್ನೂ ಅಳಿಸಿಬಿಡದ ಹಾಗೆ ಬರೆಯಲು ಸಾಲಿಸಿಟರ್‌ಗೆ ಬಾಯಿಬಿಟ್ಟು ಹೇಳು.