ಚೂರು ಬಟ್ಟೆಗೆ ಮೊದಲು ಒಂದು ಅಳತೆ ಕೊಡಿ

ಎರಡು ದೊಡ್ಡ ಚೀಲದ ತುಂಬ ಚೂರು ಬಟ್ಟೆ ಉಳಿದಿದೆ, ಬಿಸಾಡಲು ಮನಸ್ಸಿಲ್ಲ, ಮಷೀನ್‌ನಲ್ಲಿ ನೇರ ಹೊಲಿಗೆ ಮಾತ್ರ ಬರುತ್ತದೆ, ಇದರಿಂದ ಮನೆಗೆ ಏನೇನು ಹೊಲಿಯಬಹುದು, ಕೌದಿ ತುಂಬ ಕಷ್ಟವಾ ಎಂದು ಕೇಳಿದ್ದೀರಿ. ನೇರ ಹೊಲಿಗೆ ಬಂದರೆ ಸಾಕು. ನಾನು ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಅದೇ.

ನಾನು 15 ವರ್ಷದಿಂದ ಚೂರು ಬಟ್ಟೆ ಜೋಡಿಸುತ್ತಿದ್ದೇನೆ. ಮೊದಲ ಎರಡು ಮೂರು ವರ್ಷ ಕೆಲಸ ಮುಂದಕ್ಕೇ ಹೋಗಲಿಲ್ಲ. ಚೀಲ ಸುರಿಯುವುದು, ಬಣ್ಣ ಹೊಂದಿಸುತ್ತಾ ಕೂರುವುದು, ಯಾವುದಕ್ಕೂ ಯಾವುದೂ ಕೂಡಿಬರದೆ ಮತ್ತೆ ತುಂಬಿಡುವುದು. ಒಂದು ದಿನ ಬಣ್ಣದ ಯೋಚನೆ ಬಿಟ್ಟು ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ ಡಬ್ಬಿಯಲ್ಲಿ ಜೋಡಿಸಿಟ್ಟೆ. ಅಲ್ಲಿಂದ ಕೆಲಸ ಓಡತೊಡಗಿತು. ಅದಕ್ಕೇ ನಿಮಗೂ ಮೊದಲು ಇದನ್ನೇ ಹೇಳುತ್ತೇನೆ. ಏನು ಹೊಲಿಯಬೇಕು ಅನ್ನುವುದು ಆಮೇಲೆ ನೋಡೋಣ. ಚೂರುಗಳಿಗೆ ಮೊದಲು ಒಂದು ಅಳತೆ ಕೊಡಿ.

ಕತ್ತರಿಸುವ ಮುಂಚೆ ಚೀಲ ಸುರಿದು ಮೂರು ಗುಡ್ಡೆ ಮಾಡಿ. ಅಂಗಿ, ಬೆಡ್‌ಶೀಟ್, ಲೈನಿಂಗ್ ಥರದ ಹತ್ತಿ ಬಟ್ಟೆ ಒಂದು ಕಡೆ. ಎಳೆದರೆ ಹಿಗ್ಗುವ ಟಿ-ಶರ್ಟ್, ಬನಿಯನ್ ಬಟ್ಟೆ ಇನ್ನೊಂದು ಕಡೆ. ಪಾಲಿಯೆಸ್ಟರ್, ಸ್ಯಾಟಿನ್ ಥರ ಜಾರುವಂಥದ್ದು ಮತ್ತೊಂದು ಕಡೆ. ಇವನ್ನು ಒಂದೇ ಕೆಲಸದಲ್ಲಿ ಬೆರೆಸಬೇಡಿ. ಒಂದು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ, ಮೂರನೆಯದು ಇಸ್ತ್ರಿಗೆ ಅಂಟಿಕೊಳ್ಳುತ್ತದೆ. ಯಾವುದು ಹತ್ತಿ ಎಂದು ಅನುಮಾನವಿದ್ದರೆ ಅಂಚಿನಿಂದ ಎರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ನೀರಿರುವ ತಟ್ಟೆಯ ಮೇಲೆ ಬೆಂಕಿ ತಾಗಿಸಿ ನೋಡಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಹತ್ತಿ ಗುಡ್ಡೆಯನ್ನು ಒಮ್ಮೆ ಒಗೆಯಿರಿ. ಇದರಲ್ಲಿ ಸೋಮಾರಿತನ ಬೇಡ. ನನ್ನ ಎರಡನೆಯ ಕೌದಿಯಲ್ಲಿ ಬಿಳಿ ಚೌಕಗಳ ನಡುವೆ ಒಂದು ಕಡುಗೆಂಪು ಬಟ್ಟೆ ಹಾಕಿದ್ದೆ. ಒಗೆಯದೆ ಹೊಲಿದಿದ್ದೆ. ಮೊದಲ ಒಗೆತಕ್ಕೇ ಬಿಳಿಯೆಲ್ಲ ನಸುಗೆಂಪಾಯಿತು. ಎರಡು ತಿಂಗಳ ಕೆಲಸ ಅದು, ತುಂಬ ಅತ್ತೆ. ಈಗ ಗಾಢ ಬಣ್ಣದ ಪ್ರತಿ ತುಂಡಿನ ಮೇಲೂ ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡಿಯೇ ಡಬ್ಬಿಗೆ ಹಾಕುತ್ತೇನೆ. ಚೂರುಗಳನ್ನು ಮಷೀನ್‌ಗೆ ಹಾಗೇ ಹಾಕಿದರೆ ಎಳೆ ಬಿಚ್ಚಿ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಒಂದು ದಿಂಬಿನ ಕವರ್‌ನೊಳಗೆ ಹಾಕಿ ಬಾಯಿ ಕಟ್ಟಿ ಒಗೆದರೆ ಆ ತೊಂದರೆ ಇಲ್ಲ.

ಇನ್ನು ಅಳತೆ. ನನ್ನದು 4.5 ಇಂಚಿನ ಚೌಕ. ಸುತ್ತ ಕಾಲು ಇಂಚು ಹೊಲಿಗೆಗೆ ಹೋದರೆ ಸರಿಯಾಗಿ 4 ಇಂಚು ಉಳಿಯುತ್ತದೆ. ಲೆಕ್ಕ ಸುಲಭ. ಅಷ್ಟು ದೊಡ್ಡ ತುಂಡು ಸಿಗದಿದ್ದರೆ 2.5 ಇಂಚಿನ ಚೌಕ ಕತ್ತರಿಸಿ. ಅಂಥ ನಾಲ್ಕನ್ನು ಕೂಡಿಸಿದರೆ ಮತ್ತೆ 4.5 ಇಂಚಿನ ಚೌಕವೇ ಆಗುತ್ತದೆ. ಚೌಕಕ್ಕೂ ಬಾರದ ಉದ್ದನೆಯ ಪಟ್ಟಿಗಳನ್ನು ಬೇರೆ ಇಡಿ, ಅವಕ್ಕೂ ದಾರಿ ಇದೆ. ದಪ್ಪ ರಟ್ಟಿನಲ್ಲಿ ಎರಡೂ ಅಳತೆಯ ಅಚ್ಚು ಮಾಡಿಕೊಂಡು ಚಾಕ್‌ಪೀಸಿನಿಂದ ಗುರುತು ಹಾಕಿ ಕತ್ತರಿಸಬಹುದು. ಒಂದು ಎಚ್ಚರಿಕೆ ಇರಲಿ: ಅಚ್ಚಿನ ಅಂಚು ಬಟ್ಟೆಯ ಎಳೆಯ ಜೊತೆ ನೇರವಾಗಿ ಕೂರಬೇಕು. ಬಟ್ಟೆಯನ್ನು ಉದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಸ್ವಲ್ಪ ಹಿಗ್ಗುತ್ತದೆ, ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ಕ್ರಾಸ್ ಆಗಿ ಕತ್ತರಿಸಿದ ಚೌಕ ಮೇಜಿನ ಮೇಲೆ ಚೆನ್ನಾಗೇ ಕಾಣುತ್ತದೆ, ಹೊಲಿಯುವಾಗ ಸೊಟ್ಟ ಹೋಗುತ್ತದೆ.

ಹೊಸಬರು ಎಡವುವ ಜಾಗ ಕಾಲು ಇಂಚಿನ ಹೊಲಿಗೆ. ನಿಮ್ಮದು ಸರಿ ಇದೆಯೇ ಎಂದು ನೋಡಲು ಒಂದು ಪರೀಕ್ಷೆ ಹೇಳುತ್ತೇನೆ. 1.5 ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಪಕ್ಕ ಪಕ್ಕ ಹೊಲಿದು, ಇಸ್ತ್ರಿ ಮಾಡಿ, ನಡುವಿನ ಪಟ್ಟಿಯನ್ನು ಅಳೆಯಿರಿ. ಸರಿಯಾಗಿ 1 ಇಂಚು ಇರಬೇಕು. ಕಡಿಮೆ ಇದ್ದರೆ ಜಾಸ್ತಿ ಒಳಗೆ ಹೊಲಿಯುತ್ತಿದ್ದೀರಿ ಎಂದರ್ಥ. ಸರಿಹೋದ ಮೇಲೆ ಸೂಜಿಯ ಬಲಕ್ಕೆ ಆ ದೂರದಲ್ಲಿ ಮಷೀನ್ ಮೇಲೆ ಒಂದು ಟೇಪು ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡು ಹೋಗಲಿ. ಒಂದು ಮಿಲಿಮೀಟರ್‌ಗೆ ಇಷ್ಟೆಲ್ಲ ಯಾಕೆ ಅನಿಸಬಹುದು. ಹತ್ತು ಚೌಕದ ಒಂದು ಸಾಲಿನಲ್ಲಿ ಒಂಬತ್ತು ಜೋಡಣೆ. ಪ್ರತಿ ಜೋಡಣೆಯಲ್ಲಿ ಎರಡೂ ಬದಿ ಒಂದೊಂದು ಮಿಲಿಮೀಟರ್ ಹೋದರೆ ಸಾಲು 18 ಮಿಲಿಮೀಟರ್ ಗಿಡ್ಡವಾಗುತ್ತದೆ. ಪಕ್ಕದ ಸಾಲಿಗೆ ಅದು ಎಲ್ಲಿಂದ ಹೊಂದಬೇಕು?

ಹತ್ತಿ ಬಟ್ಟೆಗೆ 80/12 ನಂಬರಿನ ಸೂಜಿ, ಜೀನ್ಸ್‌ಗೆ 100/16 ಹಾಕಿ. ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್.

ಇಸ್ತ್ರಿ ಪೆಟ್ಟಿಗೆ ಮಷೀನ್ ಪಕ್ಕದಲ್ಲೇ ಇರಲಿ. ಪ್ರತಿ ಜೋಡಣೆಯಾದ ಮೇಲೆ ಒತ್ತಬೇಕು. ಉಜ್ಜಬೇಡಿ, ಇಟ್ಟು ಒತ್ತಿ ಎತ್ತಿ. ಹೊಲಿಗೆಯ ಅಂಚನ್ನು ಬಿಡಿಸದೆ ಒಂದೇ ಬದಿಗೆ ಮಲಗಿಸಿ. ಮೊದಲ ಸಾಲಿನದನ್ನು ಎಡಕ್ಕೆ ಮಲಗಿಸಿದರೆ ಎರಡನೆಯ ಸಾಲಿನದನ್ನು ಬಲಕ್ಕೆ. ಆಮೇಲೆ ಎರಡು ಸಾಲನ್ನು ಸೀದಾ ಬದಿ ಒಳಗಾಗಿ ಒಂದರ ಮೇಲೊಂದು ಇಟ್ಟು, ಜೋಡಣೆಯ ಜಾಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಸರಿಸಿ. ಎರಡು ದಪ್ಪ ಅಂಚುಗಳು ಎದುರುಬದುರಾಗಿ ಬಂದು ಒಂದಕ್ಕೊಂದು ತಡೆದು ನಿಲ್ಲುತ್ತವೆ. ಆ ತಡೆ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅಲ್ಲೇ ಗುಂಡುಪಿನ್ ಚುಚ್ಚಿ ಹೊಲಿಯಿರಿ. ಬಿಡಿಸಿ ನೋಡಿದರೆ ನಾಲ್ಕು ಮೂಲೆಗಳು ಒಂದೇ ಚುಕ್ಕೆಯಲ್ಲಿ ಕೂಡಿರುತ್ತವೆ. ಎಷ್ಟು ವರ್ಷವಾದರೂ ಅದನ್ನು ನೋಡುವಾಗ ನನಗೆ ಖುಷಿಯಾಗುತ್ತದೆ.

ಮೊದಲ ಕೆಲಸವಾಗಿ ಒಂದು ಮಸಿಬಟ್ಟೆ ಹೊಲಿಯಿರಿ. ಕೌದಿಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನಾಲ್ಕು ಚೌಕ ಕೂಡಿಸಿದರೆ 8.5 ಇಂಚಿನ ತುಂಡಾಗುತ್ತದೆ. ಒಳಗೆ ಹಳೆ ಟವೆಲ್ಲಿನ ಎರಡು ಪದರ, ಹಿಂದೆ ಜೀನ್ಸ್ ತುಂಡು. ಎಲ್ಲವನ್ನೂ ಪಿನ್ ಹಾಕಿ ಹಿಡಿದು, ಮೂಲೆಯಿಂದ ಮೂಲೆಗೆ ಒಂದೂವರೆ ಇಂಚಿಗೊಂದು ಗೆರೆ ಹೊಲಿದು, ಸುತ್ತಲ ಅಂಚನ್ನು ಬಟ್ಟೆಯ ಪಟ್ಟಿಯಿಂದ ಮುಚ್ಚಿ ಹೊಲಿಯಿರಿ. ಇದಕ್ಕೆ ಮಾತ್ರ ಮೇಲಿಂದ ಒಳಗಿನವರೆಗೆ, ದಾರವೂ ಸೇರಿ, ಶುದ್ಧ ಹತ್ತಿಯೇ ಆಗಬೇಕು. ಪಾಲಿಯೆಸ್ಟರ್ ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ಒದ್ದೆಯಾದ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಬೇಡಿ, ನೀರು ಶಾಖವನ್ನು ಬೇಗ ದಾಟಿಸುತ್ತದೆ.

ಅದಾದ ಮೇಲೆ ದಿಂಬಿನ ಕವರ್. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ಚೌಕ. 16 ಇಂಚಿನ ಕುಶನ್‌ಗೆ ಸರಿಹೋಗುತ್ತದೆ. ಜಿಪ್ ಬೇಕಿಲ್ಲ. ಹಿಂಬದಿಗೆ 16.5 ಇಂಚು ಉದ್ದ, 12 ಇಂಚು ಅಗಲದ ಎರಡು ತುಂಡು ತೆಗೆದುಕೊಂಡು, ಎರಡಕ್ಕೂ ಒಂದು ಉದ್ದನೆಯ ಅಂಚನ್ನು 1 ಇಂಚು ಮಡಚಿ ಹೊಲಿಯಿರಿ. ಮಡಚಿದ ಅಂಚುಗಳು ನಡುವೆ ಒಂದರ ಮೇಲೊಂದು ಬರುವ ಹಾಗೆ, ಚೌಕಗಳ ಬಟ್ಟೆಯ ಮೇಲೆ ಸೀದಾ ಬದಿ ಒಳಗಾಗಿ ಇಟ್ಟು ಸುತ್ತ ಹೊಲಿದು ಮಗುಚಿದರೆ ಆಯಿತು. ಸುಮಾರು 5 ಇಂಚು ಮೇಲುಹೊದಿಕೆ ಸಿಗುವುದರಿಂದ ಬಾಯಿ ತೆರೆದುಕೊಳ್ಳುವುದಿಲ್ಲ.

ಚೌಕ ಬೇಸರವಾದರೆ ತ್ರಿಕೋನಕ್ಕೆ ಹೋಗಿ. ತಿಳಿ ಬಣ್ಣದ್ದೊಂದು, ಗಾಢ ಬಣ್ಣದ್ದೊಂದು 5 ಇಂಚಿನ ಚೌಕ ತೆಗೆದುಕೊಳ್ಳಿ. ಸೀದಾ ಬದಿ ಒಳಗಾಗಿ ಜೋಡಿಸಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಕಡೆ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಎರಡು ಬಣ್ಣದ ಎರಡು ಚೌಕ ಸಿಗುತ್ತವೆ. ಅಂಚು ಸವರಿ 4.5 ಇಂಚಿಗೆ ತನ್ನಿ. ಅದೇ ಡಬ್ಬಿಗೆ ಹೋಗುತ್ತದೆ, ಅಲ್ವಾ?

ಪಟ್ಟಿಗಳ ವಿಷಯ ಬಾಕಿ ಇತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. 5 ಇಂಚಿನ ತೆಳು ಬಿಳಿ ಕಾಗದದ ಚೌಕದ ಮೇಲೆ ಮೊದಲ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಡಿ. ಎರಡನೆಯದನ್ನು ಅದರ ಮೇಲೆ ಬೋರಲಾಗಿ ಇಟ್ಟು ಅಂಚಿನಲ್ಲಿ ಹೊಲಿದು, ಮಗುಚಿ, ಒತ್ತಿ. ಹೀಗೇ ಎರಡೂ ಕಡೆ ಕಾಗದ ತುಂಬುವವರೆಗೆ. ಪಟ್ಟಿಗಳ ಅಗಲ ಹೆಚ್ಚು ಕಡಿಮೆ ಇದ್ದಷ್ಟೂ ಚೆಂದ. ಇಲ್ಲಿ ಹೊಲಿಗೆಯನ್ನು 1.5 ಮಿಲಿಮೀಟರ್‌ಗೆ ಇಳಿಸಿ, ಆಗ ಸೂಜಿಯ ತೂತುಗಳು ಹತ್ತಿರ ಹತ್ತಿರ ಬಿದ್ದು ಕಾಗದ ಸುಲಭವಾಗಿ ಹರಿದು ಬರುತ್ತದೆ. ಕಾಗದ ಕೀಳುವ ಮುಂಚೆಯೇ 4.5 ಇಂಚಿಗೆ ಸವರಿಕೊಳ್ಳಿ. ಸುದ್ದಿಪತ್ರಿಕೆ ಬಳಸಬೇಡಿ, ಅದರ ಮಸಿ ಬಟ್ಟೆಗೆ ಹತ್ತುತ್ತದೆ. ಇಂಥ ನಾಲ್ಕು ಚೌಕವನ್ನು ಗೆರೆಗಳು ನಡುವನ್ನು ಸುತ್ತುವರಿಯುವ ಹಾಗೆ ತಿರುಗಿಸಿ ಜೋಡಿಸಿದರೆ ವಜ್ರದ ಆಕಾರ ಏಳುತ್ತದೆ.

ಬಣ್ಣ ಹೊಂದುತ್ತದೋ ಇಲ್ಲವೋ ಎಂಬ ಭಯ ಬಿಟ್ಟುಬಿಡಿ. ಯಾವ ಬಣ್ಣ ಅನ್ನುವುದಕ್ಕಿಂತ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು ಮುಖ್ಯ. ಚೌಕಗಳನ್ನು ನೆಲದ ಮೇಲೆ ಹರಡಿ ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಎಲ್ಲಿ ಗಾಢವೆಲ್ಲ ಒಂದೇ ಕಡೆ ಗುಂಪಾಗಿದೆ ಎಂದು ತಕ್ಷಣ ಕಾಣುತ್ತದೆ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಸಣ್ಣ ಊರಿದೆ. ಅಲ್ಲಿನ ಕಪ್ಪು ಹೆಂಗಸರು ಹೊಲದ ಕೆಲಸದಲ್ಲಿ ಸವೆದ ಪ್ಯಾಂಟು, ಅಂಗಿಗಳನ್ನೇ ಹರಿದು ಮನೆಯವರ ಚಳಿಗೆಂದು ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನವಾದವು. 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ಮಾಸಿದ ನೀಲಿ ಜೀನ್ಸ್‌ನಲ್ಲಿ ಜೇಬು ಕಿತ್ತ ಜಾಗದ ಕಡುನೀಲಿ ಹಾಗೇ ಉಳಿದಿರುವುದು ಅವುಗಳಲ್ಲಿ ಕಾಣುತ್ತದೆ. ಅಂಥ ಗುರುತುಗಳನ್ನು ನೀವೂ ಕತ್ತರಿಸಿ ತೆಗೆಯಬೇಡಿ.

ಟಿ-ಶರ್ಟ್ ಗುಡ್ಡೆಯಿಂದ ಕಾಲೊರಸು ಮಾಡಿ. 1 ಇಂಚಿನ ಪಟ್ಟಿ ಕತ್ತರಿಸಿ ಎಳೆದರೆ ಅಂಚು ತಾನಾಗಿ ಸುರುಳಿ ಸುತ್ತಿ ಹಗ್ಗದಂತಾಗುತ್ತದೆ. ಮೂರು ಎಳೆಯ ಜಡೆ ಹೆಣೆದು ಸುರುಳಿ ಸುತ್ತುತ್ತಾ ಕೈಯಲ್ಲೇ ಪಕ್ಕ ಪಕ್ಕ ಹೊಲಿಯಿರಿ. ಇದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡೇ ಹೊಲಿಯಬೇಕು. ತೊಡೆಯ ಮೇಲೆ ಇಟ್ಟು ಬಿಗಿ ಎಳೆದರೆ ಬುಟ್ಟಿಯ ಹಾಗೆ ಮೇಲೇಳುತ್ತದೆ. ಜಾರುವ ಗುಡ್ಡೆಯಿಂದ ಲಾಡಿ ಹಾಕುವ ಸಣ್ಣ ಚೀಲಗಳು ಚೆನ್ನಾಗಿ ಬರುತ್ತವೆ. ಯಾವುದಕ್ಕೂ ಬಾರದ ಪುಡಿಚೂರನ್ನು ಇನ್ನೂ ಸಣ್ಣಗೆ ಕತ್ತರಿಸಿ ನೆಲದ ಮೇಲೆ ಕೂರುವ ದಿಂಬಿಗೆ ತುಂಬಿ. ತಲೆದಿಂಬಿಗೆ ಬೇಡ, ತುಂಬ ಭಾರ ಮತ್ತು ಗಟ್ಟಿ.

ಈಗ ನಿಮ್ಮ ಕೌದಿ. ಸಾಲಿಗೆ 9 ಚೌಕದಂತೆ 11 ಸಾಲು, ಅಂದರೆ 99 ಚೌಕ ಹೊಲಿದರೆ 36ಕ್ಕೆ 44 ಇಂಚಿನದಾಗುತ್ತದೆ. ಕಾಲ ಮೇಲೆ ಹೊದ್ದು ಕೂರಲು ಸಾಕು. ದಿನಕ್ಕೆ ಹತ್ತು ಚೌಕ ಕತ್ತರಿಸಿದರೆ ಹತ್ತು ದಿನ. ಹಿಂಬದಿಗೆ ಸುತ್ತ ಎರಡೆರಡು ಇಂಚು ದೊಡ್ಡದಾದ ಹಳೆ ಬೆಡ್‌ಶೀಟ್ ಹಾಸಿ, ಮೂಲೆಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ, ಮೇಲೆ ತೆಳು ಕಂಬಳಿ ಅಥವಾ ಇನ್ನೊಂದು ಬೆಡ್‌ಶೀಟ್, ಅದರ ಮೇಲೆ ನಿಮ್ಮ ಚೌಕಗಳ ಬಟ್ಟೆ. ನಡುವಿನಿಂದ ಹೊರಕ್ಕೆ ಕೈಯಾಡಿಸಿ ಸುಕ್ಕು ತೆಗೆದು, ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್ ಹಾಕಿ. ಮಷೀನ್‌ನಲ್ಲಿ ಹೊಲಿಯುವುದಾದರೆ ನಡುವಿನ ಗೆರೆಯಿಂದ ಶುರು ಮಾಡಿ ಅಂಚಿಗೆ ಬನ್ನಿ, ಹೊಲಿಗೆ 3 ಮಿಲಿಮೀಟರ್ ಇರಲಿ.

ಆದರೆ ಒಂದನ್ನಾದರೂ ಕೈಯಲ್ಲಿ ಹೊಲಿಯಿರಿ. ಅದಕ್ಕೆ ಚೌಕಗಳ ಬಟ್ಟೆಯೂ ಬೇಕಿಲ್ಲ. ಮೆತ್ತಗಾದ ಹಳೆ ಹತ್ತಿ ಬಟ್ಟೆಯನ್ನು ಎರಡು ಪದರ ಹಾಸಿ, ಮೂಲೆಯಿಂದ ಚೂರುಗಳನ್ನು ಇಡುತ್ತಾ, ಅಂಚು ಒಳಗೆ ಮಡಚುತ್ತಾ, ನೇರ ಕೈಹೊಲಿಗೆ ಹಾಕುತ್ತಾ ಸುತ್ತ ಸಾಗುವುದು. ಒಂದು ಸುತ್ತು ಮುಗಿದರೆ ಒಂದು ಬೆರಳಗಲ ಒಳಗೆ ಮುಂದಿನ ಸುತ್ತು. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಗಂಟಾಗುತ್ತದೆ. ಸೂಜಿಗೆ ಮೂರು ನಾಲ್ಕು ಹೊಲಿಗೆ ಏರಿಸಿಕೊಂಡು ಒಮ್ಮೆಗೇ ಎಳೆಯಿರಿ. ಹೀಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಕೊನೆಯ ಗಂಟನ್ನು ಮೆಲ್ಲಗೆ ಎಳೆದು ಪದರಗಳ ನಡುವೆ ಸೇರಿಸಿಬಿಡಿ. ಮೊದಲ ಸಲ ತಣ್ಣೀರಿನಲ್ಲಿ ಅದೊಂದನ್ನೇ ಒಗೆಯಿರಿ. ಒಣಗಿದ ಮೇಲೆ ಹೊಲಿಗೆಯ ಗೆರೆಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿ ಸುಕ್ಕಾಗಿರುತ್ತದೆ. ಅದಕ್ಕೆ ಇಸ್ತ್ರಿ ಹಾಕಬೇಡಿ, ಅದು ಹಾಗೇ ಇರಬೇಕು.