‘ಕೋಡಾ’: ಸ್ಟುಡಿಯೊದ್ದೋ ವೇದಿಕೆಯದೋ?

ಪ್ರಶ್ನೆ: ಲೆಡ್ ಜೆಪ್ಲಿನ್ ತಂಡದ ‘ಕೋಡಾ’ ಆಲ್ಬಮ್ಮಿನಲ್ಲಿ ಸ್ಟುಡಿಯೊದಲ್ಲಿ ಉಳಿದುಹೋದ ಹಾಡುಗಳ ಜೊತೆಗೆ ವೇದಿಕೆಯ ಧ್ವನಿಮುದ್ರಣವೂ ಇದೆಯೆಂಬುದು ನಿಜವೇ?

ಉತ್ತರ: ನಿಜ. ಡ್ರಮ್ಸ್ ವಾದಕ ಜಾನ್ ಬಾನಮ್ 1980ರಲ್ಲಿ ತೀರಿಕೊಂಡು ತಂಡ ಚದುರಿದ ಮೇಲೆ, ಗಿಟಾರ್ ವಾದಕ ಜಿಮ್ಮಿ ಪೇಜ್ ಹಳೆಯ ಟೇಪುಗಳಿಂದ ಎಂಟು ರಚನೆಗಳನ್ನು ಆಯ್ದು 1982ರಲ್ಲಿ ಇದನ್ನು ಹೊರತಂದರು. ಮೂರು ಹಾಡುಗಳು 1978ರಲ್ಲಿ ಸ್ಟಾಕ್‌ಹೋಮಿನಲ್ಲಿ ಮುದ್ರಿಸಿ ಕೈಬಿಟ್ಟಂಥವು. ಆದರೆ ಮೊದಲ ಹಾಡಾದ ‘ವಿ ಆರ್ ಗೊನ್ನಾ ಗ್ರೂವ್’ 1970ರ ಜನವರಿ 9ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದ್ದು. ಪ್ರೇಕ್ಷಕರ ಗದ್ದಲವನ್ನು ಅಳಿಸಿ, ಗಿಟಾರ್ ನಾದವನ್ನು ಆಮೇಲೆ ಸೇರಿಸಿದ್ದರಿಂದ ಅದು ಸ್ಟುಡಿಯೊದ ಹಾಡಿನಂತೆಯೇ ಕೇಳಿಸುತ್ತದೆ. ಆಲ್ಬಮ್ಮಿನ ಟಿಪ್ಪಣಿಯೂ ಅದನ್ನು 1969ರ ಸ್ಟುಡಿಯೊ ಮುದ್ರಣವೆಂದೇ ನಮೂದಿಸಿದ್ದು ಸರಿಯಲ್ಲ. ನನ್ನ ಮಟ್ಟಿಗೆ, ಈ ಸಂಗ್ರಹದಲ್ಲಿ ಮತ್ತೆ ಮತ್ತೆ ಕೇಳಬೇಕಾದದ್ದು ಬಾನಮ್ ಅವರ ಡ್ರಮ್ಸ್ ವಾದನವೇ ಜೀವಾಳವಾಗಿರುವ ‘ಬಾನ್ಜೋಸ್ ಮಾಂಟ್ರೊ’.